ಆಳುದ್ದ ನೀರು

ಪಾಳೆಯಗಾರ ಕೆಂಚವೀರನಾಯಕ ಕುಳ್ಳ. ಅದನ್ನು ಯಾರೂ ಹೇಳುವಂತಿರಲಿಲ್ಲ.

"ನನಗಿಂತ ಎತ್ತರದ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ" ಅನ್ನುತ್ತಿದ್ದ. ಎದುರಿಗೆ ನಿಂತವನ ತಲೆ ತನ್ನ ತಲೆಗಿಂತ ಮೇಲೆ ಕಂಡರೆ ಇಪ್ಪತ್ತು ಛಡಿ ಏಟು. ಓಲಗದಲ್ಲಿ ಎಲ್ಲರೂ ಮಂಡಿ ಮಡಚಿಕೊಂಡೇ ನಿಲ್ಲುತ್ತಿದ್ದರು. ರೂಢಿಯಾಗಿಬಿಟ್ಟಿತ್ತು.

ಆ ವರ್ಷ ನಾಯಕ ಮೆಟ್ಟಿಲುಬಾವಿ ತೋಡಿಸಿದ. ತೋಡಿದವರು ದುರ್ಗಬೋವಿ ಮತ್ತು ಅವನ ಜನ. ಮಾತು ಇಷ್ಟೇ. ಬಾವಿಯಲ್ಲಿ ಆಳುದ್ದ ನೀರು ನಿಲ್ಲಬೇಕು. ಒಬ್ಬ ಆಳನ್ನು ಇಳಿಸಿದರೆ ಅವನ ತಲೆ ಮುಳುಗಬೇಕು. ಮುಳುಗಿದರೆ ಪಕ್ಕದ ಹೊಲ ಬೋವಿಗಳದ್ದು.

ಬಾವಿ ಅರ್ಧ ಆಗಿದ್ದಾಗ ದುರ್ಗಬೋವಿಯ ಹೆಂಡತಿ ಜ್ವರದಲ್ಲಿ ಹೋದಳು. ಆ ಹೊಲದ ಬದುವಿನಲ್ಲೇ ಮಣ್ಣು ಮಾಡಿದ. ಹೊಲ ಸಿಗದಿದ್ದರೆ ಅವಳನ್ನು ಅಲ್ಲೇ ಬಿಟ್ಟು ಬೇರೆ ಸೀಮೆಗೆ ಹೋಗಬೇಕು. 

ಅಳತೆಯ ದಿನ ಬಂತು. ನಾಯಕನಿಗೆ ಹೊಲ ಕೊಡಲು ಮನಸ್ಸಿಲ್ಲ.

"ಜಟ್ಟಿ ಭರಮಣ್ಣನ್ನ ಇಳಿಸಿ" ಅಂದ.

ಭರಮಣ್ಣ ತೆಂಗಿನ ಮರದಂಥ ಆಳು. ಇಳಿದ. ನೀರು ಗದ್ದಕ್ಕೆ ಬಂದು ನಿಂತಿತು.

"ಮುಳುಗಲಿಲ್ಲ! ಹೊಲ ಇಲ್ಲ!" ನಾಯಕ ಮೀಸೆ ತಿರುವಿದ.

"ಬುದ್ಧೀ, ಕೆಳಗೆ ಬಂಡೆ. ಇನ್ನು ಒಂದು ಗೇಣೂ ಇಳಿಯಲ್ಲ" ಅಂದ ದುರ್ಗಬೋವಿ. "ಮಾಮೂಲಿ ಆಳನ್ನ ಇಳಿಸಿ ನೋಡಿ."

"ಯಾಕೆ, ಇವನೇನು ಎಮ್ಮೆಯೇ? ಇವನೂ ಆಳೇ. ಗಂಟುಮೂಟೆ ಕಟ್ಟು."

ನಾಯಕನ ಓಲಗದ ಜಾಣ ಓಬಳಯ್ಯ ಕೆಮ್ಮಿದ. ಅವನು ಕೆಮ್ಮಿದರೆ ಏನೋ ಇದೆ ಅಂತ ಊರಿಗೆ ಗೊತ್ತು.

"ನ್ಯಾಯವಾದ ಅಳತೆ, ಬುದ್ಧಿ. ಇನ್ನು ಶಾಸ್ತ್ರ ಒಂದು ಉಳೀತು."

"ಎಂಥ ಶಾಸ್ತ್ರ?"

"ತೋಡಿಸಿದ ಒಡೆಯರು ಗಂಗಮ್ಮನಿಗೆ ಹಣೆ ಮುಟ್ಟಿಸಿ ಮೊದಲ ಬೊಗಸೆ ಕುಡೀಬೇಕಲ್ಲ. ಬೇರೆಯವರು ಕುಡಿದರೆ ಬಾವಿ ಅವರ ಹೆಸರು ಹಿಡಿಯುತ್ತೆ."

"ಹಾಗೋ! ಸರಿ." ನಾಯಕ ಪಂಚೆ ಎತ್ತಿಕೊಂಡು ಮೆಟ್ಟಿಲಿಳಿದ.

ಭರಮಣ್ಣ ಮೇಲೆ ಹತ್ತಲು ಹೊರಟ.

"ನೀನು ಅಲ್ಲೇ ನಿಲ್ಲಪ್ಪಾ" ಅಂದ ಓಬಳಯ್ಯ. "ಒಡೆಯರು ಜಾರಿದರೆ ಹಿಡಿಯೋರು ಯಾರು?"

ನಾಯಕ ಕೊನೆಯ ಮೆಟ್ಟಿಲ ಮೇಲೆ ಮಂಡಿಯೂರಿದ. ಹೊಟ್ಟೆ ಅಡ್ಡ ಬಂತು. ಉಸ್ಸೆಂದು ಬಗ್ಗಿದ. ಹಣೆ ನೀರಿಗೆ ತಾಗಿತು.

ಎದುರಿಗೆ ಭರಮಣ್ಣ. ಒಡೆಯರ ತಲೆ ಕೆಳಗೆ ಹೋಗಿದ್ದು ಕಂಡಿತು. ತನ್ನ ತಲೆ ಮೇಲಿದೆ. ಇಪ್ಪತ್ತು ಛಡಿ ನೆನಪಾಯಿತು. ಮಂಡಿ ತಾನಾಗಿಯೇ ಮಡಚಿಕೊಂಡಿತು.

ಬುಳುಕ್.

"ಆಳು ಮುಳುಗಿದ!" ಓಬಳಯ್ಯ ಕೂಗಿದ. "ಎಲ್ಲರೂ ನೋಡ್ರಪ್ಪಾ, ತಲೆ ಕಾಣ್ತದೆಯೇ?"

"ಇಲ್ಲ! ಇಲ್ಲ!" ಅಂತು ಊರು.

"ಏಯ್, ಮೋಸ! ಅವನು ಬಗ್ಗಿದ್ದಾನೆ!" ನಾಯಕ ಏಳಲು ನೋಡಿದ. ಆಗಲಿಲ್ಲ. ಅವನು ಕೂತರೆ ಇಬ್ಬರು ಎತ್ತಬೇಕು. "ನನ್ನನ್ನ ಎತ್ರೋ!"

ಆಳುಗಳು ಅಲ್ಲಾಡಲಿಲ್ಲ. ಕೈ ಕೊಡಲು ಎದುರಿಗೆ ಬರಬೇಕು. ಬಂದರೆ ಅವರ ತಲೆಯೂ ಮೇಲೆ.

ನೀರಲ್ಲಿ ನಾಲ್ಕು ಗುಳ್ಳೆ ಎದ್ದವು.

"ಓಬಳಯ್ಯಾ, ಅವನಿಗೆ ಏಳೋಕೆ ಹೇಳು!"

"ಹೇಳಬಹುದು ಬುದ್ಧಿ. ಎದ್ದರೆ ಅವನು ತಮಗಿಂತ ಎತ್ತರ ಅಂತ ಊರೇ ನೋಡುತ್ತೆ. ಮುಳುಗಿದ್ದರೆ ತಾವೇ ಎತ್ತರ, ಹೊಲ ಬೋವಿಗಳದ್ದು. ಯಾವುದಾಗಬೇಕು? ನಿಧಾನವಾಗಿ ಯೋಚಿಸಿ. ಗುಳ್ಳೆ ಮಾತ್ರ ಕಮ್ಮಿಯಾಗ್ತಾ ಇವೆ."

ನಾಯಕ ನೀರು ನೋಡಿದ. ಎರಡು ಗುಳ್ಳೆ. ಒಂದು.

"ಹೊಲ ಕೊಟ್ಟೆ! ಕೊಟ್ಟೆ ಮಾರಾಯ! ತಲೆ ಮೇಲಿದ್ದರೂ ಮಾಫಿ! ಏಳಿಸ್ರೋ ಅವನನ್ನ!"

ದುರ್ಗಬೋವಿಯೇ ಧುಮುಕಿ ಜಟ್ಟಿಯ ಜುಟ್ಟು ಹಿಡಿದು ಎಳೆದ. ಭರಮಣ್ಣ ಕೆಮ್ಮಿದ, ಸೀನಿದ, ಕಣ್ಣು ಬಿಟ್ಟ. ಒಡೆಯರ ಮುಖ ಎದುರಿಗೇ ಇತ್ತು. ಏನಾದರೂ ಹೇಳಬೇಕು ಅನ್ನಿಸಿತು.

"ಬುದ್ಧೀ, ನೀರು ಸಿಹಿಯಾಗಿದೆ."

ನಾಯಕನಿಗೆ ಸಿಟ್ಟು ಬರಬೇಕಾಗಿತ್ತು. ನಗು ಬಂತು. ಹೊಟ್ಟೆ ಕುಲುಕಿ, ಮೆಟ್ಟಿಲಿಂದ ಜಾರಿ, ತಾನೂ ಬಾವಿಗೆ ಬಿದ್ದ.