ಗುಂಡಿ ಹೋಯ್ತು, ಕಾರು ನಿಂತಿತು

ಹೂಂ ಅಂದರೆ ಕತೆ. ಉಹೂಂ ಅಂದರೆ ನಿದ್ದೆ. ಹೂಂ ಅಂದಿರಾ? ಹಾಗಾದರೆ ಕೇಳಿ.

ಒಂದೂರಿನಲ್ಲಿ ಒಬ್ಬ ಕೊಟ್ರಪ್ಪಜ್ಜ. ಅಜ್ಜನಿಗೊಂದು ಹಳೇ ಕಾರು. ಕಾರಿನೊಳಗೊಂದು ರೇಡಿಯೋ. ಕಾರಿನ ಜೊತೆಗೇ ಹುಟ್ಟಿದ ರೇಡಿಯೋ. ರೇಡಿಯೋಗೊಂದು ಹಿತ್ತಾಳೆ ಗುಂಡಿ. ಗುಂಡಿ ತಿರುಗಿಸಿದರೆ ಮೊದಲು ಗೊರಗೊರ. ಆಮೇಲೆ ಕುಂಯ್ ಕುಂಯ್. ಆಮೇಲೆ ಹಾಡು! ಹಾಡು ಬಂದರೆ ಕಾರು ಹೊರಡುತ್ತಿತ್ತು. ಹಾಡಿಲ್ಲದಿದ್ದರೆ ಒಂದಡಿಯೂ ಕದಲುತ್ತಿರಲಿಲ್ಲ. ಅಷ್ಟು ಹಟಮಾರಿ ಕಾರು.

ಆ ದಿನ ಅಜ್ಜನ ಮಗಳು ಆಸ್ಪತ್ರೆಯಿಂದ ಮನೆಗೆ ಬರಬೇಕು. ಅವಳ ಮಡಿಲಲ್ಲಿ ಹೊಸ ಪಾಪು. ಅಜ್ಜ ಇನ್ನೂ ಪಾಪುವಿನ ಮುಖ ನೋಡಿಲ್ಲ.

"ನನ್ನ ಮೊಮ್ಮಗಳು ಹಾಡು ಕೇಳುತ್ತಾ ಮನೆಗೆ ಬರಲಿ" ಎಂದ ಅಜ್ಜ. ಗುಂಡಿ ಬಿಚ್ಚಿದ. ಹುಣಸೆಹಣ್ಣು ಹಚ್ಚಿ ತಿಕ್ಕಿದ. ಕಾರಿನ ಮೂಗಿನ ಮೇಲೆ ಒಣಗಲು ಇಟ್ಟ. ಥಳಥಳ! ಥಳಥಳ!

ಕಾಗೆ ನೋಡಿತು. ಸುಂಯ್ ಎಂದು ಬಂತು. ಗುಂಡಿ ಕಚ್ಚಿಕೊಂಡು ಕಾರಿನ ಮೇಲೆ ಬಾಗಿದ ಬೇವಿನ ಮರದಲ್ಲಿ ಕೂತಿತು. ಕಾಲಡಿ ಒತ್ತಿ ಹಿಡಿಯಿತು.

"ಕಾಗೆ ಕಾಗೆ, ಗುಂಡಿ ಕೊಡು. ಪಾಪು ಕಾಯುತ್ತಿದೆ."

"ಕೊಡಲ್ಲ. ರೇಡಿಯೋ ಹಾಡಿದರೆ ತಲೆದೂಗುತ್ತೀಯ. ನಾನು ಹಾಡಿದರೆ ಹೋಯ್ ಅಂತ ಓಡಿಸುತ್ತೀಯ. ಹೊಟ್ಟೆಕಿಚ್ಚು ಕಣಜ್ಜ, ಸುಳ್ಳು ಯಾಕೆ ಹೇಳಲಿ?"

ಅಜ್ಜ ಮೆಣಸಿನ ಗಿಡಗಳ ಹತ್ತಿರ ಹೋದ. ಅಲ್ಲಿ ಎರಡು ಗೂಟದ ನಡುವೆ ಕ್ಯಾಸೆಟ್ಟಿನ ಕರೀ ಟೇಪು. ಹಕ್ಕಿ ಬರದಿರಲಿ ಎಂದು ಅಜ್ಜನೇ ಕಟ್ಟಿದ್ದು. ಒಂದು ಕಾಲಕ್ಕೆ ಅದೂ ಹಾಡುತ್ತಿತ್ತು. ಈಗ ಗಾಳಿಗೆ ಬುರ್ರ್ ಅನ್ನುತ್ತದೆ, ಅಷ್ಟೇ.

"ಟೇಪೇ ಟೇಪೇ, ಕಾಗೆಯನ್ನು ಬೆದರಿಸು. ಕಾಗೆ ಗುಂಡಿ ಕೊಡಲ್ಲ. ಗುಂಡಿ ಇಲ್ಲದೆ ರೇಡಿಯೋ ಹಾಡಲ್ಲ. ಹಾಡಿಲ್ಲದೆ ಕಾರು ಹೊರಡಲ್ಲ. ಪಾಪು ಕಾಯುತ್ತಿದೆ."

"ಬೆದರಿಸಲ್ಲ. ರೇಡಿಯೋ ನೆರಳಲ್ಲಿ, ನಾನು ಬಿಸಿಲಲ್ಲಿ. ಅದಕ್ಕೆ ಹಾಡು, ನನಗೆ ಬುರ್ರ್. ಹೊಟ್ಟೆಕಿಚ್ಚು ಕಣಜ್ಜ, ಸುಳ್ಳು ಯಾಕೆ ಹೇಳಲಿ?"

ಅಜ್ಜ ಆಡಿನ ಹತ್ತಿರ ಹೋದ.

"ಆಡೇ ಆಡೇ, ಟೇಪನ್ನು ತಿನ್ನು. ಟೇಪು ಕಾಗೆಯನ್ನು ಬೆದರಿಸಲ್ಲ. ಕಾಗೆ ಗುಂಡಿ ಕೊಡಲ್ಲ. ಗುಂಡಿ ಇಲ್ಲದೆ ರೇಡಿಯೋ ಹಾಡಲ್ಲ. ಹಾಡಿಲ್ಲದೆ ಕಾರು ಹೊರಡಲ್ಲ. ಪಾಪು ಕಾಯುತ್ತಿದೆ."

"ತಿನ್ನಲ್ಲ. ನಾಲ್ಕು ಕಾಲಿರುವ ನಾನು ನಡೆಯಬೇಕು. ಕಾಲೇ ಇಲ್ಲದ ರೇಡಿಯೋ ಕಾರಲ್ಲಿ ಊರೂರು ಸುತ್ತಬೇಕು. ಹೊಟ್ಟೆಕಿಚ್ಚು ಕಣಜ್ಜ, ಸುಳ್ಳು ಯಾಕೆ ಹೇಳಲಿ?"

ಅಜ್ಜ ನಾಯಿಯ ಹತ್ತಿರ ಹೋದ.

"ನಾಯಿ ನಾಯಿ, ಆಡಿಗೆ ಬೊಗಳು. ಆಡು ಟೇಪನ್ನು ತಿನ್ನಲ್ಲ. ಟೇಪು ಕಾಗೆಯನ್ನು ಬೆದರಿಸಲ್ಲ. ಕಾಗೆ ಗುಂಡಿ ಕೊಡಲ್ಲ. ಗುಂಡಿ ಇಲ್ಲದೆ ರೇಡಿಯೋ ಹಾಡಲ್ಲ. ಹಾಡಿಲ್ಲದೆ ಕಾರು ಹೊರಡಲ್ಲ. ಪಾಪು ಕಾಯುತ್ತಿದೆ."

"ಬೊಗಳಲ್ಲ. ದಿನಾ ಕಾರಿನ ಹಿಂದೆ ಓಡಿ ಓಡಿ ನನ್ನ ನಾಲಿಗೆ ನೋಡು, ಎಷ್ಟುದ್ದ ಆಗಿದೆ! ರೇಡಿಯೋ ಮಾತ್ರ ಒಳಗೆ ಕೂತು ಕುಂಯ್ ಕುಂಯ್ ಅನ್ನುತ್ತದೆ. ಹೊಟ್ಟೆಕಿಚ್ಚು ಕಣಜ್ಜ, ಸುಳ್ಳು ಯಾಕೆ ಹೇಳಲಿ?"

ಅಜ್ಜ ಅಡುಗೆಮನೆಗೆ ಹೋದ. ಅಲ್ಲಿ ನಾಯಿಯ ಗಂಜಿ ಮಡಕೆ. ಮಡಕೆಯ ಮೇಲೊಂದು ಕರೀ ಮುಚ್ಚಳ. ನಡುವೆ ಪುಟ್ಟ ತೂತು. ಅದು ಮುಚ್ಚಳ ಅಲ್ಲ. ಹಳೇ ಗ್ರಾಮಫೋನ್ ಪ್ಲೇಟು!

"ಪ್ಲೇಟೇ ಪ್ಲೇಟೇ, ಗಂಜಿಯನ್ನು ಬಿಗಿಯಾಗಿ ಮುಚ್ಚು. ನಾಯಿ ಆಡಿಗೆ ಬೊಗಳಲ್ಲ. ಆಡು ಟೇಪನ್ನು ತಿನ್ನಲ್ಲ. ಟೇಪು ಕಾಗೆಯನ್ನು ಬೆದರಿಸಲ್ಲ. ಕಾಗೆ ಗುಂಡಿ ಕೊಡಲ್ಲ. ಗುಂಡಿ ಇಲ್ಲದೆ ರೇಡಿಯೋ ಹಾಡಲ್ಲ. ಹಾಡಿಲ್ಲದೆ ಕಾರು ಹೊರಡಲ್ಲ. ಪಾಪು ಕಾಯುತ್ತಿದೆ."

"ಮುಚ್ಚಲ್ಲ. ನಿನ್ನ ಮದುವೆಯಲ್ಲಿ ಹಾಡಿದ್ದು ಯಾರು? ನಾನು! ರೇಡಿಯೋ ಬಂತು, ನಾನು ಮುಚ್ಚಳ ಆದೆ. ಹೊಟ್ಟೆಕಿಚ್ಚು ಕಣಪ್ಪ, ಸುಳ್ಳು ಯಾಕೆ ಹೇಳಲಿ?"

ಅಜ್ಜನ ಕಣ್ಣಲ್ಲಿ ನೀರು. ಆಸ್ಪತ್ರೆ ದೂರ. ಹೊತ್ತು ಇಳಿಯುತ್ತಿದೆ. ಒಲೆಯ ಮುಂದೆ ಅವನ ಹೆಂಡತಿ, ಅಜ್ಜಿ, ಕೂತಿದ್ದಳು.

"ಏ, ಇವಳೇ, ಪ್ಲೇಟಿಗೆ ಬುದ್ಧಿ ಹೇಳು. ಪ್ಲೇಟು ಗಂಜಿ ಮುಚ್ಚಲ್ಲ. ನಾಯಿ ಆಡಿಗೆ ಬೊಗಳಲ್ಲ. ಆಡು ಟೇಪನ್ನು ತಿನ್ನಲ್ಲ. ಟೇಪು ಕಾಗೆಯನ್ನು ಬೆದರಿಸಲ್ಲ. ಕಾಗೆ ಗುಂಡಿ ಕೊಡಲ್ಲ. ಗುಂಡಿ ಇಲ್ಲದೆ ರೇಡಿಯೋ ಹಾಡಲ್ಲ. ಹಾಡಿಲ್ಲದೆ ಕಾರು ಹೊರಡಲ್ಲ. ಪಾಪು ಕಾಯುತ್ತಿದೆ."

ಅಜ್ಜಿ ತಿರುಗಿಯೂ ನೋಡಲಿಲ್ಲ.

"ಹೇಳಲ್ಲ. ರೇಡಿಯೋಗೆ ದಿನಾ 'ಬಾ ನನ್ನ ಬಂಗಾರ, ಬಾ ನನ್ನ ಮುತ್ತು'. ನನಗೆ 'ಏ, ಇವಳೇ'! ಮದುವೆಯಲ್ಲಿ ಒಡಪು ಕಟ್ಟಿ ನನ್ನ ಹೆಸರು ಹೇಳಿದಿರಿ. ಆಮೇಲೆ ಒಂದು ದಿನವಾದರೂ ಹೇಳಿದ್ದೀರಾ? ಹೊಟ್ಟೆಕಿಚ್ಚು ಕಣ್ರೀ, ಸುಳ್ಳು ಯಾಕೆ ಹೇಳಲಿ?"

ಅಜ್ಜ ತಲೆ ಕೆರೆದ. ಗಂಟಲು ಸರಿ ಮಾಡಿಕೊಂಡ. ಮದುಮಗನ ಹಾಗೆ ನೆಟ್ಟಗೆ ನಿಂತ. ನಾಚಿ ಕೆಂಪಾಗಿ, ಒಡಪು ಹೇಳಿದ.

"ಹಳೇ ಕಾರಿಗೆ ರೇಡಿಯೋ ಸಿಂಗಾರ,
ಕೊಟ್ರಪ್ಪನ ಮನೆಗೆ ಹಾಲಮ್ಮ ಬಂಗಾರ!"

"ಅಯ್ಯ, ಸಾಕು ಸುಮ್ನಿರಿ!" ಎಂದಳು ಹಾಲಮ್ಮಜ್ಜಿ. ಆದರೆ ನಕ್ಕಳು. ನಕ್ಕು ಎದ್ದಳು.

ಅಜ್ಜಿ ಸೆರಗಿನಿಂದ ಪ್ಲೇಟನ್ನು ಒರೆಸಿ ಬುದ್ಧಿ ಹೇಳಿದಳು. ಪ್ಲೇಟು ಗಂಜಿಯನ್ನು ಬಿಗಿಯಾಗಿ ಮುಚ್ಚಿತು. "ಅಯ್ಯೋ ನನ್ನ ಗಂಜಿ!" ನಾಯಿ ಆಡಿಗೆ ಬೊಗಳಿತು. "ಅಯ್ಯೋ ನನ್ನ ಬಾಲ!" ಆಡು ಟೇಪಿನ ಕಡೆ ಓಡಿ ಬಾಯಿ ತೆರೆಯಿತು. "ಅಯ್ಯೋ ತಿನ್ನಬೇಡ!" ಟೇಪು ಬುರ್ರ್ರ್ ಎಂದಿತು. "ಕಾ!" ಕಾಗೆ ಬೆದರಿ ಕಾಲೆತ್ತಿತು. ಗುಂಡಿ ಟಣ್ ಎಂದು ಕಾರಿನ ಮೇಲೆ ಬಿತ್ತು!

ಅಜ್ಜ ಗುಂಡಿ ಸಿಕ್ಕಿಸಿದ. ತಿರುಗಿಸಿದ. ಗೊರಗೊರ. ಕುಂಯ್ ಕುಂಯ್. ಹಾಡು! ಕಾರು ಗುಡುಗುಡು ಎಂದಿತು.

"ಎಲ್ಲರೂ ಹತ್ತಿ!" ಎಂದ ಅಜ್ಜ.

ಹಾಲಮ್ಮಜ್ಜಿ ಮುಂದಿನ ಸೀಟಲ್ಲಿ. ಪ್ಲೇಟು ಅಜ್ಜಿಯ ಮಡಿಲಲ್ಲಿ. ನಾಯಿ ಹಿಂದಿನ ಸೀಟಲ್ಲಿ. ಆಡು ನಾಯಿಯ ಪಕ್ಕದಲ್ಲಿ. ಟೇಪು ಏರಿಯಲ್ ಕಡ್ಡಿಯ ತುದಿಯಲ್ಲಿ. ಕಾಗೆ ಕಾರಿನ ನೆತ್ತಿಯ ಮೇಲೆ.

ಆಸ್ಪತ್ರೆ ಬಂತು. ನಾಯಿ ಸರಿಯಿತು, ಆಡು ಸರಿಯಿತು, ಮಗಳು ನಡುವೆ ಕೂತಳು. ಪ್ಲೇಟು ಹಿಂದೆ ಹೋಯಿತು. ಅಜ್ಜಿಯ ಮಡಿಲಿಗೆ ಪಾಪು ಬಂತು.

ಅಜ್ಜ ಪಾಪುವಿನ ಮುಖ ನೋಡಿದ. ಪಾಪು ಬಾಯಿ ತೆರೆಯಿತು.

"ಕುವ್ವಾ! ಕುವ್ವಾ!"

"ಎಂಥ ದನಿ! ತಡೀರಿ, ಸರಿಯಾಗಿ ಕೇಳೋಣ" ಎಂದ ಅಜ್ಜ. ಗುಂಡಿ ತಿರುಗಿಸಿದ. ಟಕ್! ರೇಡಿಯೋ ಗಪ್ ಚುಪ್.

ಕಾರು ನಿಂತಿತೇ? ಉಹೂಂ! ಕುವ್ವಾ ಕುವ್ವಾ ಕೇಳುತ್ತಾ ಮನೆ ಕಡೆ ಓಡಿತು. ಅಜ್ಜ ತಲೆದೂಗಿದ. ಅಜ್ಜಿ ತಲೆದೂಗಿದಳು. ನಾಯಿ ತಲೆದೂಗಿತು. ಆಡು ತಲೆದೂಗಿತು. ಟೇಪು ಕೂಡ ಬುರ್ರ್ ಅನ್ನದೆ ಕೇಳಿತು.

ಕಾಗೆ ನೆತ್ತಿಯಿಂದ ಬಗ್ಗಿ ಕಿಟಕಿಯೊಳಗೆ ನೋಡಿತು. "ಯಾಕೋ ರೇಡಿಯೋ, ಮುಖ ಊದಿದೆ?"

ರೇಡಿಯೋ ಒಳಗೊಳಗೇ ಗೊರಗೊರ ಎಂದಿತು.

"ಹೊಟ್ಟೆಕಿಚ್ಚು ಕಣೋ ಕಾಗೆ, ಸುಳ್ಳು ಯಾಕೆ ಹೇಳಲಿ?"