ರಾಶಿಯ ಅಡಿಯ ರುಮಾಲು

"ಅಜ್ಜಾರೇ, ಎಲ್ಲವನ್ನೂ ಒಂದೇ ಸಲಕ್ಕೆ ಅಳಿಸಿಬಿಟ್ಟರೆ ತಪ್ಪಾಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚನ್ನವೀರ. ಮಠದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ. ಸಂಜೆಯ ಪ್ರಾರ್ಥನೆ ಮುಗಿದಿತ್ತು. ಗುರುಗಳು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಏನನ್ನು ಅಳಿಸುತ್ತೀ?"

"ಇಮೇಲ್‌ಗಳನ್ನು. ಡಬ್ಬಿ ತುಂಬಿ ಹೋಗಿದೆ, ಸಾವಿರಗಟ್ಟಲೆ ಬಿದ್ದಿವೆ. ಅಂಗಡಿಯವರದು, ಬ್ಯಾಂಕಿನವರದು, ಎಂದೋ ಮುಗಿದ ಸಭೆಗಳದು, ಮುಖವನ್ನೇ ನೋಡದವರ ಹಬ್ಬದ ಶುಭಾಶಯ, ನಮ್ಮ ಅಕ್ಕನದು, ಹಳೆಯ ಬಸ್ ಟಿಕೆಟ್ಟು, ಯಾವುದೋ ಬಹುಮಾನ. ತೆರೆದರೆ ಎದೆ ಭಾರವಾಗುತ್ತದೆ. ಎಲ್ಲ ಸೇರಿಸಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಒತ್ತಲೇ?"

"ಒತ್ತುವಿಯಂತೆ. ಗುಂಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಕೂತುಕೋ. ನಾಲ್ಕು ಶೇಂಗಾ ಸುಲಿ, ಸುಮ್ಮನೆ ನನ್ನ ಮುಖ ನೋಡಬೇಡ," ಎಂದು ಗುರುಗಳು ಮೊರವನ್ನು ಅವನ ಕಡೆಗೆ ಸರಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಒಳ್ಳೆಯ ಕೈ. ಬಟ್ಟೆ ಕೊಟ್ಟವರು ಹೇಳಿದ ದಿನಕ್ಕೆ ಬಂದರೆ ಹೊಲಿದದ್ದು ಮಡಚಿ ಇಟ್ಟಿರುತ್ತಿತ್ತು. ಅವನ ಅಂಗಡಿಯ ಹಲಗೆಯ ಮೇಲೆ ಎರಡು ಮೂರು ಬಟ್ಟೆಗಿಂತ ಹೆಚ್ಚು ಎಂದೂ ಕಂಡಿರಲಿಲ್ಲ.

ಅವನಿಗೊಬ್ಬ ಗೆಳೆಯನಿದ್ದ, ಚಕ್ಕಡಿ ಹೊಡೆಯುವವನು. ಇಬ್ಬರೂ ಸಣ್ಣವರಿದ್ದಾಗಿನಿಂದ ಜೊತೆ. ಸಂಜೆ ಎತ್ತು ಕಟ್ಟಿ ಬಂದು ದರ್ಜಿಯ ಅಂಗಡಿಯಲ್ಲಿ ಕುಳಿತು ಚಹಾ ಕುಡಿಯದೆ ಚಕ್ಕಡಿಯವನು ಮನೆಗೆ ಹೋಗುತ್ತಿರಲಿಲ್ಲ. ಅಂಥವನು ಒಂದು ದಿನ ಇದ್ದಕ್ಕಿದ್ದಂತೆ ತೀರಿಕೊಂಡ.

ಆಗ ಮದುವೆಯ ಕಾಲ. ಸುದ್ದಿ ಬಂದಾಗ ದರ್ಜಿಯ ಕೈಯಲ್ಲಿ ಮದುಮಗನ ಅಂಗಿ. ಬೀಗರು ಅಂಗಡಿಯ ಮುಂದೆಯೇ ಕಾದು ನಿಂತಿದ್ದರು. ಇದೊಂದು ಮುಗಿಸಿ ಎದ್ದರಾಯಿತು ಎಂದುಕೊಂಡ. ಅದು ಮುಗಿಯುವಷ್ಟರಲ್ಲಿ ಅಲ್ಲಿ ಹೂಳುವುದೆಲ್ಲ ಮುಗಿದಿತ್ತು. ಗೆಳೆಯನ ಮಣ್ಣಿಗೆ ಅವನು ಹೋಗಲಿಲ್ಲ. ನಾಳೆ ಮನೆಗೆ ಹೋಗಿ ಮಾತಾಡಿಸಿ ಬಂದರಾಯಿತು ಎಂದ. ನಾಳೆ ಹೋಗಲು ನಾಚಿಕೆಯಾಯಿತು. ನಾಡಿದ್ದು ಇನ್ನೂ ಹೆಚ್ಚಾಯಿತು. ಹಾಗೆಯೇ ಬಿಟ್ಟ.

ಕೆಲವು ತಿಂಗಳಾದ ಮೇಲೆ ಗೆಳೆಯನ ಹೆಂಡತಿಯೇ ಅಂಗಡಿಗೆ ಬಂದಳು. ಅವಳ ಕೈಯಲ್ಲಿ ಒಂದು ಕೆಂಪು ರುಮಾಲು ಇತ್ತು. ಗೆಳೆಯ ಹಬ್ಬಕ್ಕೆ ತಲೆಗೆ ಸುತ್ತುತ್ತಿದ್ದ ರುಮಾಲು. "ಅಣ್ಣಾ, ಮಗಳು ಬಸುರಿ ಇದ್ದಾಳೆ. ಹುಟ್ಟೋ ಕೂಸಿಗೆ ಇದರಲ್ಲಿ ಒಂದು ಕುಲಾವಿ ಹೊಲಿದುಕೊಡು. ತೊಟ್ಟಿಲಿಗೆ ಹಾಕೋ ದಿನ ಅಜ್ಜನ ರುಮಾಲು ಕೂಸಿನ ತಲೆ ಮೇಲೆ ಇರಬೇಕು ಅಂತ ನನ್ನ ಆಸೆ. ನೀನೇ ಹೊಲೀಬೇಕು," ಎಂದಳು. ಮಣ್ಣಿಗೆ ಯಾಕೆ ಬರಲಿಲ್ಲ ಎಂದು ಒಂದು ಮಾತೂ ಕೇಳಲಿಲ್ಲ. ರುಮಾಲು ಇಟ್ಟು ಹೋದಳು.

ಕುಲಾವಿ ಎಂದರೇನು, ಕೂಸಿನ ಕಿವಿ ಮುಚ್ಚುವಷ್ಟು ದೊಡ್ಡ ಟೋಪಿ. ಅರ್ಧ ದಿನದ ಕೆಲಸವೂ ಅಲ್ಲ. ಅವಳು ಬೈದಿದ್ದರೆ ಪುಣ್ಯಾತ್ಮ ಅಂದೇ ಹೊಲಿದುಬಿಡುತ್ತಿದ್ದ. ಬೈಯದೆ ಹೋದಳಲ್ಲ, ಅದೇ ಕುತ್ತಿಗೆಗೆ ಬಂತು. ರುಮಾಲಿನ ಮೇಲೆ ಕಣ್ಣು ಬಿದ್ದಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು. ಕತ್ತರಿ ಹಿಡಿದರೆ ಕೈ ಏಳುತ್ತಿರಲಿಲ್ಲ. ಕೊನೆಗೆ ಅದನ್ನು ಮಡಚಿ ಹಲಗೆಯ ಮೂಲೆಯಲ್ಲಿಟ್ಟು ಅದರ ಮೇಲೆ ಯಾರದೋ ಜಂಪರದ ಬಟ್ಟೆ ಇಟ್ಟ. ಕಾಣಿಸದೆ ಹೋಯಿತು. ಹಾಯೆನಿಸಿತು.

ಅಂದಿನಿಂದ ಬಂದದ್ದಕ್ಕೆಲ್ಲ ಹೂಂ ಎನ್ನತೊಡಗಿದ. ದಿಂಬಿನ ಚೀಲವೇ? ಇಡು. ಹರಿದ ಗೋಣಿಯೇ? ಅದನ್ನೂ ಇಡು. ಬೇರೆ ಊರಿನ ವ್ಯಾಪಾರಿ ತಂದ ಮಾದರಿಯ ತುಂಡುಗಳೇ? ಇಡಪ್ಪಾ, ಇಡು. ಎಲ್ಲವೂ ಅದೇ ಮೂಲೆಯಲ್ಲಿ ಕುಳಿತವು. ರಾಶಿ ತೊಲೆ ಮುಟ್ಟಿತು. ಅದರೊಳಗೆ ಉಳಿದವರ ಬಟ್ಟೆಯೂ ಸಿಗದಾಯಿತು. ಜನ ಬಂದು ಕೂಗಾಡುತ್ತಿದ್ದರು. ಅವನು ನಾಳೆ ಬಾ ಎನ್ನುತ್ತಿದ್ದ. ಕೆಲಸ ವಿಪರೀತ, ಉಸಿರಾಡಲೂ ಬಿಡುವಿಲ್ಲ ಎಂದು ಹೆಂಡತಿಯ ಮುಂದೆ ಗೋಳಾಡುತ್ತಿದ್ದ. ಅವನಿಗೂ ಅದು ನಿಜವೆಂದೇ ಅನಿಸತೊಡಗಿತ್ತು.

ಒಂದು ಬೆಳಿಗ್ಗೆ ಕೌದಿ ಹೊಲಿಯುವವಳು ಓಣಿಯಲ್ಲಿ ಬಂದಳು. ಹಳೆಯ ಬಟ್ಟೆ ಕೇಳಿ ಪಡೆದು, ತುಂಡು ಮಾಡಿ, ಒಂದರ ಮೇಲೊಂದು ಇಟ್ಟು ಹೊದಿಕೆ ಹೊಲಿಯುವವಳು. ಅವಳ ಕೂಗು ಕೇಳಿದೊಡನೆ ದರ್ಜಿಗೆ ಜೀವ ಬಂದಂತಾಯಿತು. ಎದುರಿನ ಬಳೆಗಾರನನ್ನು ಕೇಳಿದ: "ಈ ರಾಶೀನೆಲ್ಲ ಇವಳಿಗೆ ಕೊಟ್ಟುಬಿಡಲೇನು? ಕೇಳಿ ಬಂದವರಿಗೆ ಬಟ್ಟೆಯ ದುಡ್ಡು ಕೊಟ್ಟರಾಯಿತು." ಬಳೆಗಾರ, "ಕೊಟ್ಟು ಕೈ ತೊಳಕೋ ಮಾರಾಯ. ನೋಡೋಕೆ ನಮಗೇ ಸಾಕಾಗಿದೆ," ಎಂದ. ಎಲೆಯಡಿಕೆಯವನನ್ನೂ ಕೇಳಿದ. ಅವನೂ ಕೊಡು ಎಂದ. ದಾರಿಯಲ್ಲಿ ಹೋಗುತ್ತಿದ್ದ ಪೂಜಾರಿಯನ್ನು ಕರೆದು ಕೇಳಿದ. ಬಟ್ಟೆ ದಾನ ಒಳ್ಳೆಯದೇ ಎಂದು ಅವರೂ ಹೇಳಿದರು. ಸರಿ, ಇನ್ನೇನು. ದೊಡ್ಡ ದುಪ್ಪಟಿಯೊಂದನ್ನು ಹಾಸಿ, ರಾಶಿಯನ್ನು ಎರಡೂ ಕೈಯಿಂದ ಬಾಚಿ ಎಳೆದು, ಮುಖ ಆಚೆ ತಿರುಗಿಸಿಕೊಂಡೇ ಗಂಟು ಕಟ್ಟಿ ಹೊರಿಸಿ ಕಳಿಸಿದ.

ಅಂಗಡಿ ಗುಡಿಸಿದ. ಊದುಬತ್ತಿ ಹಚ್ಚಿದ. ಅಂದು ಎರಡು ರೊಟ್ಟಿ ಹೆಚ್ಚು ತಿಂದ.

ಮುಂದಿನ ಸಂತೆಯ ದಿನ ಗೆಳೆಯನ ಹೆಂಡತಿ ನಗುನಗುತ್ತ ಬಂದಳು. "ಅಣ್ಣಾ, ಗಂಡು ಕೂಸು. ಅವರದೇ ಹಣೆ, ಅವರದೇ ಮೂಗು. ನಾಳೆ ತೊಟ್ಟಿಲು. ಕುಲಾವಿ ಕೊಡು," ಎಂದಳು. ಹಾಗೆನ್ನುತ್ತಲೇ ಖಾಲಿ ಹಲಗೆಯನ್ನು ನೋಡಿದಳು.

"ತಂಗೀ, ಬಟ್ಟೆ ವಿಪರೀತ ಆಗಿತ್ತು. ಎಲ್ಲ ಒಟ್ಟಿಗೆ ಕೊಟ್ಟುಬಿಟ್ಟೆ. ಆ ರಾಶಿಯಲ್ಲಿ ಅದೂ ಹೋಯಿತು. ಗೊತ್ತೇ ಆಗಲಿಲ್ಲ," ಎಂದ ದರ್ಜಿ.

"ಗೊತ್ತಾಗದೆ ಹೋಗಿದ್ದರೆ ಇರಲಿ ಬಿಡಣ್ಣಾ," ಎಂದಳು. "ನೀನು ಅವರ ಮಣ್ಣಿಗೆ ಬರಲಿಲ್ಲವಲ್ಲ, ಆಗಲೂ ನಾನು ಹಾಗೇ ಅಂದುಕೊಂಡಿದ್ದೆ. ಕೆಲಸದ ಗದ್ದಲದಲ್ಲಿ ನಿನಗೆ ಸುದ್ದಿ ಗೊತ್ತಾಗಿರಲಿಕ್ಕಿಲ್ಲ ಅಂತ."

ಅಷ್ಟು ಹೇಳಿ ಹೋದಳು. ದರ್ಜಿ ಬಾಗಿಲು ಕೂಡ ಹಾಕದೆ ಓಡಿದ. ಕೌದಿಯವಳು ಊರ ಹೊರಗಿನ ಬೇವಿನ ಗಿಡದ ಕೆಳಗೆ ಕುಳಿತು ಹೊಲಿಯುತ್ತಿದ್ದಳು. ಕೌದಿ ಮುಗಿಯುತ್ತ ಬಂದಿತ್ತು. ನಡುನಡುವೆ ಕೆಂಪು ತುಂಡುಗಳಿದ್ದವು, ಯಾವುದೂ ಅಂಗೈಗಿಂತ ಅಗಲವಿರಲಿಲ್ಲ. ಅವನು ಅದರ ಮೇಲೆ ಕೈಯಾಡಿಸಿ ಅತ್ತ. ಮರುದಿನ ಕೂಸು ಪೇಟೆಯಿಂದ ತಂದ ಕುಲಾವಿ ಹಾಕಿಕೊಂಡು ತೊಟ್ಟಿಲೇರಿತು.

ಗುರುಗಳು ಇಷ್ಟು ಹೇಳಿ ಮೊರದಲ್ಲಿನ ಸಿಪ್ಪೆ ಕೇರತೊಡಗಿದರು.

ಚನ್ನವೀರನಿಗೆ ತುಸು ಸಿಟ್ಟು ಬಂದಂತಿತ್ತು. "ಹಾಗಾದರೆ ಸಾವಿರಗಟ್ಟಲೆ ಕಸವನ್ನು ಒಂದೊಂದೇ ತೆರೆದು ಓದುತ್ತ ಕೂರಬೇಕೇ, ಅಜ್ಜಾರೇ? ಅದಕ್ಕೆ ಈ ಜನ್ಮ ಸಾಲದು."

"ಯಾವನಪ್ಪಾ ನಿನಗೆ ಹಾಗೆ ಹೇಳಿದವನು?" ಎಂದು ಗುರುಗಳು ನಕ್ಕರು. "ಅಂಗಡಿಯವರದು ಅಳಿಸು. ಬ್ಯಾಂಕಿನವರದು ಅಳಿಸು. ನಿನಗೆ ಬಹುಮಾನ ಯಾರೂ ಕೊಡುವುದಿಲ್ಲ, ಅದನ್ನೂ ಅಳಿಸು. ಹರಿದ ಗೋಣಿ ಇಟ್ಟುಕೊಂಡು ದರ್ಜಿಗೇನು ಬರಬೇಕಾಗಿತ್ತು? ಅದನ್ನು ಎಸೆಯುವಾಗ ಅವನು ಊರವರನ್ನೆಲ್ಲ ಕೇಳಬೇಕಾಗಿರಲಿಲ್ಲ."

"ಮತ್ತೆ ಒತ್ತಲೇ?" ಎಂದು ಚನ್ನವೀರ ಕೇಳಿದ. ಅವನ ಕೈಯಲ್ಲಿ ಸುಲಿಯದ ಒಂದು ಶೇಂಗಾಕಾಯಿ ಹಾಗೆಯೇ ಇತ್ತು.

ಗುರುಗಳು ಮೊರ ಕೆಳಗಿಟ್ಟರು.

"ಕಸ ಚೆಲ್ಲುವುದಕ್ಕೆ ಯಾರೂ ನನ್ನ ಅಪ್ಪಣೆ ಕೇಳಲು ಬರುವುದಿಲ್ಲ ತಮ್ಮಾ; ಅಕ್ಕ ಏನು ಬರೆದಿದ್ದಾಳೆ?"