ತೀರ್ಥ ಕುಡಿದ ಗಿಡ

ಅದಕ್ಕೆ ನಮ್ಮ ಕಡೆ ಗುಪ್ಪೆಗಿಡ ಅಂತಿದ್ದರೋ, ಕುಪ್ಪಿಗಿಡ ಅಂತಿದ್ದರೋ, ನೆನಪು ಜಾರಿದೆ. ಹೆಸರು ಹೋಗಲಿ. ಉಬ್ಬಿದ ಪುಟ್ಟ ಎಲೆಗಳ, ಗೇಣುದ್ದವೂ ಬೆಳೆಯದ ಗಿಡ. ತನಗೆ ಬೇಕಾದ ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುತ್ತದೆ.

ಹೊಳೆದಂಡೆಯ ಮಠವೊಂದರಲ್ಲಿ ನಿರಂಜನಯ್ಯ ಎಂಬ ಗುರುಗಳು ಕಾಯಿಲೆಯವರನ್ನು ಇಟ್ಟುಕೊಂಡು ಆರೈಕೆ ಮಾಡುತ್ತಿದ್ದರು. ಆ ಕೆಲಸ ತನಗೂ ಬೇಕೆಂದು ಶಿಷ್ಯೆ ದಾನಮ್ಮ ಹಟ ಹಿಡಿದಿದ್ದಳು.

ಗುರುಗಳು ಅವಳ ಕೋಣೆಯ ಕಿಟಕಿಯಲ್ಲಿ ಆ ಗಿಡದ ಕುಂಡ ಇಟ್ಟರು.

"ಮೂರು ತಿಂಗಳು ಇದನ್ನು ಉಳಿಸು. ಆಮೇಲೆ ಬಾ."

ದಾನಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಕುಂಡವನ್ನು ಬಿಸಿಲಿಗೆ ಸರಿಸಿದಳು, ಮಧ್ಯಾಹ್ನ ನೆರಳಿಗೆ. ಪೂಜೆಯ ತೀರ್ಥ ಯಾರ ಕಾಲಿಗೂ ತಾಗಬಾರದು, ಉಳಿದದ್ದನ್ನು ಅಂಗಳದ ಬಿಲ್ವದ ಬುಡಕ್ಕೆ ಹಾಕಬೇಕು ಎನ್ನುವುದು ಮಠದ ರೂಢಿ. ಅವಳು ಅದನ್ನು ದಿನವೂ ಕುಂಡಕ್ಕೆ ತಂದು ಸುರಿದಳು.

ಇಪ್ಪತ್ತನೆಯ ದಿನ ಕಾಂಡ ಬೆಂದ ಬದನೆಕಾಯಿಯಂತೆ ಮೆತ್ತಗಾಯಿತು.

"ಅಯ್ಯಾ, ಒಂದು ದಿನವೂ ತಪ್ಪಿಸಲಿಲ್ಲ," ಎಂದಳು.

ಗುರುಗಳು ಕುಂಡವನ್ನು ಮೂಸಿ ನೋಡಿದರು. "ಹೌದು, ದಿನವೂ ನೀರು ಕುಡಿದ ವಾಸನೆ."

"ಬರೀ ನೀರಲ್ಲ, ತೀರ್ಥ."

"ಬೇರಿಗೆ ಯಾರೂ ಹೇಳಿರಲಿಲ್ಲ, ತಂಗೀ."

ಕೊಳೆತದ್ದನ್ನೆಲ್ಲ ತೆಗೆದುಹಾಕಿ, ಗಟ್ಟಿಯಾಗಿ ಉಳಿದಿದ್ದ ಒಂದೇ ಒಂದು ಎಲೆಯನ್ನು ಒಣ ಮರಳಿನ ಮೇಲಿಟ್ಟರು.

"ಇದು ಚಿಗುರಿದರೆ ಬಾ."

"ಹೂಳಬೇಡವೇ?"

"ಬೇಡ."

"ನೀರು?"

"ಬೇಡ."

"ಮತ್ತೆ ನಾನೇನು ಮಾಡಲಿ?"

"ಕಷ್ಟದ ಕೆಲಸ ಕೇಳಿದ್ದೆಯಲ್ಲ, ಕೊಟ್ಟಿದ್ದೇನೆ."

ಹನ್ನೆರಡು ದಿನ ತಡೆದಳು. ಹದಿಮೂರನೆಯ ದಿನ ಮನಸ್ಸು ಕೇಳಲಿಲ್ಲ, ಎಲೆಯನ್ನು ಮಗುಚಿದಳು. ಮರಳಿಗೆ ಕಚ್ಚಿಕೊಂಡಿದ್ದ ಕೂದಲೆಳೆಯಂಥ ಒಂದು ಬೇರು ಪಟ್ಟನೆ ಹರಿಯಿತು.

ಅವತ್ತು ಅವಳಿಗೆ ಊಟ ಸೇರಲಿಲ್ಲ. ಎಲೆಯನ್ನು ಮೊದಲಿದ್ದಂತೆ ಇಟ್ಟು, ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು.

ದಿನ ಕಳೆದಂತೆ ಎಲೆ ಮುದುಕಿಯ ಕೆನ್ನೆಯಾಯಿತು. ಸುಕ್ಕು ಕಂಡಾಗಲೆಲ್ಲ ನೀರು ತರಲೆಂದು ಎದ್ದು ಬಾಗಿಲವರೆಗೆ ಹೋದಳು, ತಿರುಗಿ ಬಂದು ಕೂತಳು. ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಸೊರಗಿದ ಎಲೆಯ ಬುಡದಲ್ಲಿ ಎಳ್ಳಿನಷ್ಟು ಹಸಿರು ಕಂಡಿತು.

ಏದುಸಿರು ಬಿಡುತ್ತ ಗುರುಗಳ ಬಳಿ ಓಡಿದಳು. "ಅಯ್ಯಾ, ಚಿಗುರಿತು. ಇನ್ನು ಕಾಯಿಲೆಯವರ ಹತ್ತಿರ ಬರಲೇ?"

"ಬಾ," ಎಂದರು ಗುರುಗಳು. "ಮೊದಲು ಬಾಗಿಲಲ್ಲೇ ನಿಲ್ಲು. ಅವರಿಗೆ ನಿದ್ದೆ ಹತ್ತಿದೆಯೇ ನೋಡು. ಹತ್ತಿದ್ದರೆ ಮುಟ್ಟಬೇಡ."